ಅಗ್ಯಾರಿಯ ಗೇಟಿನ ಹೊರಗೆ

ಬೆಂಗಳೂರಿನ ಕ್ವೀನ್ಸ್ ರೋಡಿನಲ್ಲಿ ದಿನಾ ಓಡಾಡುವವರಲ್ಲೂ ಅಲ್ಲೊಂದು ಪಾರ್ಸಿ ಅಗ್ಯಾರಿ ಇದೆ ಅಂತ ಗೊತ್ತಿರುವವರು ಕಡಿಮೆ. 1926ರಲ್ಲಿ ಕಟ್ಟಿದ ಅಗ್ನಿಮಂದಿರ. ಒಂದು ಶನಿವಾರ ಅದರ ಗೇಟಿನ ಹೊರಗೆ ನಾನು ಸುಮಾರು ಅರ್ಧ ಗಂಟೆ ನಿಂತಿದ್ದೆ. ಒಳಗಿನ ಬೆಂಕಿಯನ್ನು ಪಾರ್ಸಿಗಳಲ್ಲದವರು ನೋಡುವ ಹಾಗಿಲ್ಲ. ಇದು ಗೊತ್ತಿದ್ದೇ ಹೋಗಿದ್ದೆ. ಕಾವಲಿನವನು ಎರಡು ಸಲ ನೋಡಿ ಸುಮ್ಮನಾದ, ಮೂರನೇ ಸಲ "ಯಾರ್ ಬೇಕು ಸರ್?" ಅಂದ. ಯಾರೂ ಬೇಡ ಅಂತ ಹೇಳಿ ಬೈಕ್ ಹತ್ತಿದೆ.

2021ರ ಮೇ ತಿಂಗಳಲ್ಲಿ ನಮ್ಮಣ್ಣ ಹೋದ. ನಲವತ್ತೊಂದು ವಯಸ್ಸು. ಊರಿಗೆ ಹೋದರೆ ಮಾತಾಡಿಸೋಕೆ ಬಂದವರೆಲ್ಲ ಒಂದೇ ಮಾತು: ಹಣೆಬರಹ, ಶಿವನ ಇಚ್ಛೆ, ಹಿಂದಿನ ಜನ್ಮದ್ದು. ಯಾರೂ ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ಆದರೆ ನನಗೆ ಹೊಟ್ಟೆ ಉರೀತಿತ್ತು. ಆಕ್ಸಿಜನ್ ಸಿಗದೇ ಹೋದ ಮನುಷ್ಯನ ಸಾವನ್ನು ಶಿವನ ತಲೆಗೆ ಕಟ್ಟಿದರೆ ಶಿವನನ್ನು ಪೂಜಿಸೋದು ಹೇಗೆ?

ಆ ದಿನಗಳಲ್ಲಿ ರಾತ್ರಿ ನಿದ್ದೆ ಬರದೇ ಓದಿದ ಪುಸ್ತಕಗಳಲ್ಲಿ ಜರತುಷ್ಟ್ರನ ಧರ್ಮದ ಬಗ್ಗೆ ಒಂದು ಪುಸ್ತಕವೂ ಇತ್ತು. ಅದರಲ್ಲಿ ಸಾವು ಅಹುರ ಮಜ್ದಾ ಕೊಟ್ಟದ್ದಲ್ಲ. ರೋಗ, ಕೊಳೆ, ಸುಳ್ಳು, ಸಾವು ಇವೆಲ್ಲ ಎದುರಾಳಿ ಅಂಗ್ರ ಮೈನ್ಯುವಿನ ದಾಳಿ. ದೇವರು ಅದನ್ನು ಕಳಿಸಲಿಲ್ಲ, ಅದರ ವಿರುದ್ಧ ಹೋರಾಡುತ್ತಿದ್ದಾನೆ. ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸ ಮಾಡುವ ಪ್ರತಿ ಮನುಷ್ಯನೂ ಆ ಹೋರಾಟದಲ್ಲಿ ಅವನ ಕಡೆಯವನು. ತತ್ತ್ವಶಾಸ್ತ್ರದಲ್ಲಿ ಇದಕ್ಕೆ ನೂರು ತಕರಾರು ಇವೆ, ಇರಲಿ. ಆ ರಾತ್ರಿ ಮೊದಲನೇ ಸಲ ಉಸಿರು ಸರಿಯಾಗಿ ಬಂತು.

ಸೇರಿಕೊಂಡುಬಿಡೋಣ ಅನ್ನಿಸಿತು. ತಮಾಷೆಗಲ್ಲ. ಆದರೆ ನನ್ನ ಕೊರಳಲ್ಲಿ ಲಿಂಗ ಇದೆ. ಏಳನೇ ವರ್ಷಕ್ಕೆ ಅಜ್ಜ ಕಟ್ಟಿಸಿದ್ದು. ಅದನ್ನು ತೆಗೆಯೋ ಯೋಚನೆ ಇರಲಿಲ್ಲ. ಹಾಗಾಗಿ ಪ್ರಶ್ನೆ ಎರಡಾಯಿತು: ಅವರು ಸೇರಿಸಿಕೊಳ್ತಾರಾ? ಸೇರಿಸಿಕೊಂಡರೆ ಇದ್ದದ್ದನ್ನು ಬಿಡಬೇಕಾ? ಉತ್ತರ ಹುಡುಕುತ್ತಾ ಹೋದವನು ಮುಂಬೈ ಹೈಕೋರ್ಟಿಗೆ ಹೋಗಿ ಮುಟ್ಟಿದೆ.

1902ರಲ್ಲಿ ರತನ್‌ಜಿ ದಾದಾಭಾಯಿ ಟಾಟಾ ಪ್ಯಾರಿಸ್‌ನಲ್ಲಿ ಸುಝಾನ್ ಬ್ರಿಯೇರ್ ಅನ್ನೋ ಫ್ರೆಂಚ್ ಹುಡುಗಿಯನ್ನು ಮದುವೆಯಾದರು. ಜಮ್‌ಷೆಟ್‌ಜಿ ಟಾಟಾರ ಬಂಧು, ಕಂಪನಿಯ ಪಾಲುದಾರ. ಮರುವರ್ಷ ಮುಂಬೈಯಲ್ಲಿ ಒಬ್ಬ ದಸ್ತೂರರು ಆಕೆಗೆ ನವಜೋತ್ ಮಾಡಿಸಿದರು. ನವಜೋತ್ ಅಂದರೆ ದೀಕ್ಷೆ: ಸುದ್ರೆ ಎಂಬ ಬಿಳಿ ಮಲ್ ಬಟ್ಟೆಯ ಒಳಂಗಿ ತೊಡಿಸಿ, ಸೊಂಟಕ್ಕೆ ಕುಸ್ತಿ ಎಂಬ ಉಣ್ಣೆಯ ದಾರ ಸುತ್ತಿಸುವುದು. ಆಮೇಲೆ ಪಾರ್ಸಿ ಪದ್ಧತಿಯಲ್ಲಿ ಮತ್ತೊಮ್ಮೆ ಮದುವೆ. ಸುಝಾನ್ ಈಗ ಸೂನಿ.

ಊರೆಲ್ಲ ಗದ್ದಲ. ಅಲ್ಲಿಯವರೆಗೂ ಪಾರ್ಸಿ ಗಂಡಸರು ಬೇರೆ ಜಾತಿಯ ಹೆಂಗಸರ ಜೊತೆ ಇದ್ದದ್ದು, ಮಕ್ಕಳಾದದ್ದು, ಆ ಮಕ್ಕಳಿಗೆ ಸದ್ದಿಲ್ಲದೆ ನವಜೋತ್ ಆದದ್ದು ಎಲ್ಲ ಇತ್ತು. ಆದರೆ ಇದು ದೊಡ್ಡ ಮನೆತನ, ಬಹಿರಂಗ ಸಮಾರಂಭ. ಈಕೆ ಅಗ್ಯಾರಿಗೆ ಬರಬಹುದಾ? ಸತ್ತರೆ ದಖ್ಮಾದಲ್ಲಿ ಇಡಬಹುದಾ? ಪಂಚಾಯತಿಯ ಟ್ರಸ್ಟಿಗಳು ಇಲ್ಲ ಅಂದರು. 1906ರಲ್ಲಿ ಸರ್ ದಿನ್‌ಶಾ ಪೆಟಿಟ್ ಮತ್ತಿತರರು ಟ್ರಸ್ಟಿಗಳ ಮೇಲೆ ದಾವೆ ಹೂಡಿದರು. ಆರ್.ಡಿ. ಟಾಟಾ ಕೂಡ ಒಬ್ಬ ಫಿರ್ಯಾದಿ. ಎದುರು ಪಕ್ಷದಲ್ಲಿ ಸರ್ ಜಮ್‌ಷೆಟ್‌ಜಿ ಜೀಜೀಭಾಯಿ. ಕಾನೂನು ಪುಸ್ತಕಗಳಲ್ಲಿ ಈ ಕೇಸಿನ ಹೆಸರು ಇವತ್ತಿಗೂ ಪೆಟಿಟ್ ವರ್ಸಸ್ ಜೀಜೀಭಾಯಿ.

ಇಬ್ಬರು ಜಡ್ಜುಗಳು. ಒಬ್ಬರು ಇಂಗ್ಲಿಷಿನವರು, ಬೀಮನ್. ಇನ್ನೊಬ್ಬರು ದಿನ್‌ಶಾ ದಾವರ್, ಸ್ವತಃ ಪಾರ್ಸಿ. ದಾವರ್ ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ, ಹೌದು, ಅವರೇ: ಅದೇ 1908ರ ಜುಲೈನಲ್ಲಿ ಬಾಲಗಂಗಾಧರ ತಿಲಕರಿಗೆ ಆರು ವರ್ಷ ಗಡೀಪಾರು ಶಿಕ್ಷೆ ಕೊಟ್ಟವರು. ತಿಲಕರು ಮಂಡಾಲೆಗೆ ಹೋದ ಕೆಲವೇ ತಿಂಗಳಿಗೆ, ನವೆಂಬರ್ ಕೊನೆಯಲ್ಲಿ, ಈ ತೀರ್ಪು ಬಂತು.

ತೀರ್ಪಿನ ಸಾರ ಓದಿದಾಗ ನಾನು ನಕ್ಕುಬಿಟ್ಟೆ. ಜರತುಷ್ಟ್ರ ಧರ್ಮ ಮತಾಂತರವನ್ನು ಒಪ್ಪುತ್ತದೆಯೇ? ಒಪ್ಪುತ್ತದೆ. ಹಾಗಾದರೆ ಮತಾಂತರವಾದವರಿಗೆ ಅಗ್ಯಾರಿ, ದಖ್ಮಾ, ದತ್ತಿ ನಿಧಿಗಳ ಮೇಲೆ ಹಕ್ಕಿದೆಯೇ? ಇಲ್ಲ. ಯಾಕೆಂದರೆ ಆ ಟ್ರಸ್ಟುಗಳನ್ನು ಮಾಡಿದ್ದು ಜರತುಷ್ಟ್ರ ಧರ್ಮದವರಿಗಲ್ಲ, ಪಾರ್ಸಿಗಳಿಗೆ. ಪಾರ್ಸಿ ಅಂದರೆ ಯಾರು? ಪರ್ಷಿಯಾದಿಂದ ಬಂದವರ ವಂಶದಲ್ಲಿ ಹುಟ್ಟಿ ಧರ್ಮ ಪಾಲಿಸುವವರು, ಇರಾನಿನಿಂದ ಬರುವ ಜರತುಷ್ಟ್ರೀಯರು, ಮತ್ತು ಪಾರ್ಸಿ ತಂದೆಗೆ ಹೊರಗಿನ ತಾಯಿಯಲ್ಲಿ ಹುಟ್ಟಿ ಸರಿಯಾಗಿ ನವಜೋತ್ ಆದ ಮಕ್ಕಳು. ಬೀಮನ್ ಸಾಹೇಬರ ಪ್ರಕಾರ ಪಾರ್ಸಿಗಳು ಹಿಂದೂಸ್ತಾನಕ್ಕೆ ಬಂದು ಒಂದು ಜಾತಿ ಆಗಿಬಿಟ್ಟಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಧರ್ಮ ಓಪನ್ ಸೋರ್ಸ್, ಯಾರು ಬೇಕಾದರೂ ಡೌನ್‌ಲೋಡ್ ಮಾಡ್ಕೊಳ್ಳಿ. ಸರ್ವರ್ ಮಾತ್ರ ಪ್ರೈವೇಟ್.

ಆ ಮೂರನೇ ವರ್ಗವನ್ನು ಗಮನಿಸಿ. ಕೇಸು ನಡೆಯುವಾಗ ಸೂನಿಯ ಮಗ ನಾಲ್ಕು ವರ್ಷದವನು. ತಾಯಿ ಪಾರ್ಸಿ ಅಲ್ಲ, ಮಗ ಪಾರ್ಸಿ. ಆ ಮಗ ಜೆ.ಆರ್.ಡಿ. ಟಾಟಾ. ತಂದೆಯ ಜಾಗದಲ್ಲಿ ಪಾರ್ಸಿ ತಾಯಿ ಇದ್ದಿದ್ದರೆ ಈ ಬಾಗಿಲೂ ಇರುತ್ತಿರಲಿಲ್ಲ. ಹೊರಗೆ ಮದುವೆಯಾದ ಪಾರ್ಸಿ ಹೆಣ್ಣುಮಕ್ಕಳ ಹಕ್ಕಿನ ಜಗಳ ನಮ್ಮ ಕಾಲದಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ.

ಸೂನಿ 1923ರಲ್ಲಿ ತೀರಿಕೊಂಡಳು. ಜೆ.ಆರ್.ಡಿ. 1993ರಲ್ಲಿ ಜಿನೀವಾದಲ್ಲಿ ಹೋದಾಗ ಅವರನ್ನು ಪ್ಯಾರಿಸ್‌ನ ಪೆರ್ ಲಾಷೇಸ್ ಸ್ಮಶಾನದಲ್ಲಿ ಹೂಳಿದರು. ಇನ್ನು ಬಾಗಿಲು ತೆರೀರಿ ಅಂತ ಕೋರ್ಟಿಗೆ ಹೋದ ಸರ್ ದಿನ್‌ಶಾ ಪೆಟಿಟ್‌ರ ಕಥೆ. ಹತ್ತು ವರ್ಷ ಕಳೆದು, 1918ರಲ್ಲಿ ಅವರ ಮಗಳು ರತ್ತನ್‌ಬಾಯಿ ಇಸ್ಲಾಮಿಗೆ ಮತಾಂತರವಾಗಿ ಮಹಮ್ಮದ್ ಅಲಿ ಜಿನ್ನಾರನ್ನು ಮದುವೆಯಾದಳು. ಅಪ್ಪ ಒಪ್ಪಲಿಲ್ಲ. ಒಳಗೆ ಬರುವ ಬಾಗಿಲಿಗೆ ವಾದಿಸಿದವರಿಗೆ ಹೊರಗೆ ಹೋಗುವ ಬಾಗಿಲು ಸಹಿಸಲಾಗಲಿಲ್ಲ. ಬೈಯೋಕೆ ನನಗೆ ಮನಸ್ಸು ಬರಲ್ಲ, ಅಪ್ಪಂದಿರೇ ಹಾಗೆ.

ತಿಲಕರನ್ನು ಕಳಿಸಿದ ಬರ್ಮಾದಲ್ಲೇ ಮುಂದಿನ ಕೇಸು. ರಂಗೂನಿನ ಪಾರ್ಸಿ ದಂಪತಿ ಸಾಕಿಕೊಂಡ ಬೆಲ್ಲಾ ಅನ್ನೋ ತಬ್ಬಲಿ ಹುಡುಗಿಗೆ ನವಜೋತ್ ಮಾಡಿಸಿ ಅಗ್ಯಾರಿಗೆ ಕರೆದುಕೊಂಡು ಹೋದರು. ಅದರ ಮೇಲೆ ದಾವೆ. ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ 1925ರಲ್ಲಿ ತೀರ್ಮಾನ: ಹಕ್ಕಿನಿಂದ ಒಳಗೆ ಬರುವಂತಿಲ್ಲ. ಹುಡುಗಿಗೆ ಆಗ ಇಪ್ಪತ್ತು ದಾಟಿತ್ತು.

ಯಾಕೆ ಇಷ್ಟು ಬಿಗಿ ಅಂತ ಕೇಳಿದರೆ ಒಂದು ರೆಡಿಮೇಡ್ ಉತ್ತರ ಸಿಗುತ್ತೆ. ಇರಾನಿನಿಂದ ಓಡಿಬಂದವರಿಗೆ ಗುಜರಾತಿನ ಸಂಜಾಣದಲ್ಲಿ ಜಾದಿ ರಾಣಾ ಆಶ್ರಯ ಕೊಟ್ಟಾಗ, ಯಾರನ್ನೂ ಮತಾಂತರ ಮಾಡಲ್ಲ ಅಂತ ಮಾತು ಕೊಟ್ಟಿದ್ದರಂತೆ. ಇದರ ಮೂಲ ದಾಖಲೆ ಅಂದರೆ ನವಸಾರಿಯ ಬಹಮನ್ ಕೈಕೋಬಾದ್ 1599ರ ಸುಮಾರಿಗೆ ಬರೆದ 'ಕಿಸ್ಸಾ-ಎ-ಸಂಜಾನ್' ಪದ್ಯ. ಅದರಲ್ಲಿ ರಾಜನ ಷರತ್ತುಗಳಿವೆ: ನಿಮ್ಮ ಧರ್ಮ ಏನು ಅಂತ ವಿವರಿಸಿ, ಇಲ್ಲಿನ ಭಾಷೆ ಮಾತಾಡಿ, ಹೆಂಗಸರು ಇಲ್ಲಿನ ಉಡುಗೆ ಉಡಲಿ, ಆಯುಧ ಕೆಳಗಿಡಿ, ಮದುವೆಯನ್ನು ಸಂಜೆ ಮಾಡಿ. ಮತಾಂತರದ ಮಾತೇ ಇಲ್ಲ! ನಾವೆಲ್ಲ ಹೈಸ್ಕೂಲಿಂದ ಕೇಳಿಕೊಂಡು ಬಂದ ಹಾಲು–ಸಕ್ಕರೆಯ ಕಥೆಯೂ ಅದರಲ್ಲಿಲ್ಲ.

ಮತಾಂತರದ ಬಗ್ಗೆ ಹಳೆಯ ದಾಖಲೆ ಇರುವುದು ಬೇರೆ ಕಡೆ, ಮತ್ತು ಅದು ಮನಸ್ಸಿಗೆ ಇನ್ನೂ ಚುಚ್ಚುತ್ತದೆ. ಇಲ್ಲಿನ ಪಾರ್ಸಿಗಳು ಶಾಸ್ತ್ರದ ಅನುಮಾನ ಬಂದಾಗ ಇರಾನಿನ ಪುರೋಹಿತರಿಗೆ ಪ್ರಶ್ನೆ ಬರೆದು ಕಳಿಸುತ್ತಿದ್ದರು. ಬಂದ ಉತ್ತರಗಳಿಗೆ ರಿವಾಯತ್ ಅಂತ ಹೆಸರು. 1773ರಲ್ಲಿ ಎಪ್ಪತ್ತೆಂಟು ಪ್ರಶ್ನೆಗಳಿಗೆ ಉತ್ತರ ಬಂತು. ಅದರಲ್ಲೊಂದು ಹೀಗಿದೆ: ನಮ್ಮವರು ಕೊಂಡ ಆಳು ಹುಡುಗ ಹುಡುಗಿಯರಿಗೆ ಅವೆಸ್ತಾ ಕಲಿಸಿ, ಸುದ್ರೆ ಕುಸ್ತಿ ಹಾಕಿಸುತ್ತಾರೆ. ಅವರು ಮಾಡಿದ ಪ್ರಸಾದದ ರೊಟ್ಟಿಯನ್ನು ಪುರೋಹಿತರೂ ತಿನ್ನುತ್ತಾರೆ. ಆದರೆ ಅವರು ಸತ್ತಾಗ ಹೆಣವನ್ನು ದಖ್ಮಾದಲ್ಲಿ ಇಡಬೇಡಿ ಅಂತಾರೆ. ಇದು ಸರಿಯೇ? ಇರಾನಿನವರ ಉತ್ತರ: ಸರಿಯಲ್ಲ. ಧರ್ಮ ಕಲಿಸುವುದು ಪುಣ್ಯದ ಕೆಲಸ, ಕಲಿಸಿದ ಮೇಲೆ ದೂರ ಇಡಬೇಡಿ.

ಬದುಕಿದ್ದಾಗ ಕೈ ಅಡುಗೆ ಆಗುತ್ತೆ, ಸತ್ತಾಗ ಜಾಗ ಇಲ್ಲ. ಇದು ನನಗೆ ಹೊಸದಾಗಿ ಕೇಳಿಸಲಿಲ್ಲ. ನಮ್ಮೂರಿನ ಸ್ಮಶಾನ ಎಷ್ಟು ಭಾಗ ಆಗಿದೆ ಅಂತ ನನಗೆ ಗೊತ್ತು. ಮತ್ತೆ ನಾನಾದರೂ ಯಾವ ಬಾಯಲ್ಲಿ ಪಾರ್ಸಿಗಳನ್ನು ಕೇಳಲಿ? ನನ್ನ ಕೊರಳಲ್ಲಿರೋ ಲಿಂಗ ಹನ್ನೆರಡನೇ ಶತಮಾನದಲ್ಲಿ ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾಗಿದ್ದ ಲಿಂಗ. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದವನು, ಮರುಳಶಂಕರದೇವ ಅಫಘಾನಿಸ್ತಾನದ ಕಡೆಯಿಂದ ಬಂದವನು ಅಂತ ನಮ್ಮ ಪರಂಪರೆ ಹೆಮ್ಮೆಯಿಂದ ಹೇಳುತ್ತೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗೆ ಕಲ್ಯಾಣ ಹೊತ್ತಿ ಉರಿಯಿತು. ಈಗ? ಮ್ಯಾಟ್ರಿಮೊನಿ ಸೈಟಿನಲ್ಲಿ ಲಿಂಗಾಯತ ಅಂತ ಒತ್ತಿದರೆ ಕೆಳಗೆ ಉಪಪಂಗಡಗಳ ಪಟ್ಟಿ ತೆರೆದುಕೊಳ್ಳುತ್ತೆ. ನನ್ನ ಮದುವೆಗೂ ಆ ಪಟ್ಟಿಯಿಂದಲೇ ಆರಿಸಿದ್ದು.

ಅಂದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು: ಮುಂಬೈ, ಬೆಂಗಳೂರಿನ ಅಗ್ಯಾರಿಯಲ್ಲಿ ಸೇರಿಸಲ್ಲ. ಆದರೆ ಪ್ರಪಂಚ ಅಷ್ಟಕ್ಕೇ ನಿಂತಿಲ್ಲ. 1983ರಲ್ಲಿ ನ್ಯೂಯಾರ್ಕ್ ಹತ್ತಿರ ಜೋಸೆಫ್ ಪೀಟರ್ಸನ್ ಎಂಬ ಅಮೆರಿಕನ್ನನಿಗೆ ನವಜೋತ್ ಆಯಿತು. ಮುಂಬೈ ತನಕ ಗಲಾಟೆ. ಆತ ಆಮೇಲೆ ಅವೆಸ್ತಾದ ಗ್ರಂಥಗಳ ಅನುವಾದಗಳನ್ನು ಅಂತರ್ಜಾಲಕ್ಕೆ ಹಾಕಿದ. ನಾನು ಓದಿದ್ದೂ ಅಲ್ಲೇ. ಹುಟ್ಟು ಪಾರ್ಸಿಗಳು ಎಷ್ಟೋ ಮಂದಿ ಓದೋದೂ ಅಲ್ಲೇ. ಇರಾಕಿನ ಕುರ್ದಿಸ್ತಾನದಲ್ಲಿ 2015ರಲ್ಲಿ ಈ ಧರ್ಮಕ್ಕೆ ಸರ್ಕಾರಿ ಮಾನ್ಯತೆ ಸಿಕ್ಕಿತು, ಮರುವರ್ಷ ಸುಲೇಮಾನಿಯಾದಲ್ಲಿ ಮಂದಿರ ತೆರೆಯಿತು. ಅಲ್ಲಿ ಸೇರುವವರೆಲ್ಲ ಹೊರಗಿನಿಂದ ಬರುವವರೇ. ಇತ್ತ 2011ರ ಜನಗಣತಿಯ ಪ್ರಕಾರ ಭಾರತದಲ್ಲಿದ್ದ ಪಾರ್ಸಿಗಳು 57,264. ಹತ್ತು ವರ್ಷದ ಹಿಂದೆ 69,601 ಇದ್ದರು. ಹಾಗಾಗಿ ಮನಸ್ಸು ಮಾಡಿದರೆ ದಾರಿ ಇದೆ. ವೀಸಾ, ಟಿಕೆಟ್ಟು, ಸ್ವಲ್ಪ ಧೈರ್ಯ.

ನನ್ನನ್ನು ನಿಲ್ಲಿಸಿದ್ದು ಎರಡನೇ ಪ್ರಶ್ನೆ.

ಯಸ್ನ ಗ್ರಂಥದ ಹನ್ನೆರಡನೇ ಅಧ್ಯಾಯ ಧರ್ಮ ಸ್ವೀಕಾರದ ಪ್ರತಿಜ್ಞೆ. ಅದರ ಆರಂಭವೇ 'ದಏವ'ಗಳನ್ನು ತೊರೆಯುವುದು. ದಏವ ಅಂದರೆ ದೆವ್ವ, ಪಿಶಾಚಿ. ಅವೆಸ್ತಾ ಭಾಷೆಯ ಈ ಶಬ್ದ ಮತ್ತು ನಮ್ಮ 'ದೇವ' ಒಂದೇ ಬೇರಿನವು. ನಮ್ಮ ಅಸುರ ಅವರ ಅಹುರ, ಅಂದರೆ ಒಡೆಯ. ಒಂದು ಕಾಲದಲ್ಲಿ ಒಟ್ಟಿಗಿದ್ದ ಜನ, ಬೇರೆಯಾದ ಮೇಲೆ ಒಬ್ಬರ ದೇವರು ಇನ್ನೊಬ್ಬರಿಗೆ ದೆವ್ವ. ಋಗ್ವೇದದ ಹಳೆಯ ಭಾಗಗಳಲ್ಲಿ ವರುಣನನ್ನು ಅಸುರ ಅಂತ ಗೌರವದಿಂದಲೇ ಕರೆದಿದ್ದಾರೆ, ಒಡಕು ಆಮೇಲಿನದು. ವೆಂದಿದಾದ್ ಗ್ರಂಥ ಇನ್ನೂ ಮುಂದೆ ಹೋಗಿ ಹೆಸರು ಹಿಡಿದೇ ಹೇಳುತ್ತೆ: ಇಂದ್ರ, ಸೌರ್ವ, ನಾಂಘೈಥ್ಯ ಇವರನ್ನು ಓಡಿಸಬೇಕು. ನಾಂಘೈಥ್ಯ ನಮ್ಮ ನಾಸತ್ಯ, ಅಶ್ವಿನೀ ದೇವತೆ. ಸೌರ್ವ ಯಾರು? ಶರ್ವ. ಭವ, ಶರ್ವ, ರುದ್ರ, ಪಶುಪತಿ ಅಂತ ಶಿವನ ಹೆಸರುಗಳ ಸಾಲಿನಲ್ಲಿ ಬರುವ ಅದೇ ಶರ್ವ.

ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಅಣ್ಣನ ಸಾವನ್ನು ಶಿವನ ತಲೆಗೆ ಕಟ್ಟಬೇಡಿ ಅಂತ ಶಿವನ ಪರವಾಗಿಯೇ ನಾನು ಜಗಳಕ್ಕೆ ಹೊರಟವನು. ಹುಡುಕಿಕೊಂಡು ಹೋದ ಮನೆಯಲ್ಲಿ ಬಾಗಿಲಲ್ಲೇ ಅವನನ್ನು ಬೈದು ಒಳಗೆ ಬಾ ಅಂತಿದ್ದಾರೆ.

ಗ್ರಂಥ ಹೀಗೆ ಹೇಳಿದ ಮಾತ್ರಕ್ಕೆ ಜನ ಹಾಗೇ ಬದುಕಿದರು ಅಂತಲ್ಲ. ಮೂರನೇ ಶತಮಾನದ ಇರಾನಿನಲ್ಲಿ ಕರ್ತೀರ್ ಎಂಬ ಮಹಾಪುರೋಹಿತ ಯಹೂದಿ, ಬೌದ್ಧ, ಬ್ರಾಹ್ಮಣ, ಕ್ರೈಸ್ತ, ಮಾನಿ ಪಂಥದವರನ್ನೆಲ್ಲ ಹತ್ತಿಕ್ಕಿದೆ ಅಂತ ಬಂಡೆಯ ಮೇಲೆ ಕೊಚ್ಚಿಕೊಂಡಿದ್ದಾನೆ. ಅವನಿಗಿಂತ ನೂರು ವರ್ಷ ಹಿಂದೆ, ಪೂರ್ವದ ಕುಶಾನರ ರಾಜ್ಯದಲ್ಲಿ ಚಿತ್ರವೇ ಬೇರೆ. ಕನಿಷ್ಕನ ನಾಣ್ಯಗಳನ್ನು ನೋಡಿ: ಒಂದರ ಮೇಲೆ ಮಿಥ್ರ, ಒಂದರ ಮೇಲೆ ಭುಜದಿಂದ ಜ್ವಾಲೆ ಏಳುವ ಅಗ್ನಿದೇವತೆ, ಒಂದರ ಮೇಲೆ ಬುದ್ಧ. ಇನ್ನೊಂದರ ಮೇಲೆ ತ್ರಿಶೂಲ ಹಿಡಿದವನು, ಪಕ್ಕದಲ್ಲಿ ಓಎಶೋ ಅಂತ ಹೆಸರು. ಕುಶಾನರ ಬೇರೆ ನಾಣ್ಯಗಳಲ್ಲಿ ಅವನ ಹಿಂದೆ ಎತ್ತೂ ಇದೆ. ಆ ಹೆಸರು ಗಾಳಿಯ ದೇವತೆ ವಾಯುವಿನದು ಅಂತ ವಿದ್ವಾಂಸರು ಹೇಳ್ತಾರೆ. ಆದರೆ ನಮ್ಮೂರಿನ ಯಾವ ಮುದುಕಿಗೆ ಬೇಕಾದರೂ ತೋರಿಸಿ, ಶಿವ ಅಂತಲೇ ಕೈ ಮುಗೀತಾಳೆ. 1993ರಲ್ಲಿ ಅಫಘಾನಿಸ್ತಾನದ ರಬಾತಕ್‌ನಲ್ಲಿ ಸಿಕ್ಕ ಕನಿಷ್ಕನ ಶಾಸನದಲ್ಲಿ ಅಹುರ ಮಜ್ದಾನ ಹೆಸರಿನ ಸಾಲಿನಲ್ಲೇ ಉಮ್ಮಾ ಎಂಬ ದೇವಿಯೂ ಇದ್ದಾಳೆ. ಅವಳು ಉಮೆಯೇ ಇರಬೇಕು ಅಂತ ಕೆಲವರು. ಬಂಡೆಯ ಮೇಲೆ ಒಟ್ಟಿಗೆ ಕೂತವರು ಪುಸ್ತಕದಲ್ಲಿ ಮುಖ ತಿರುಗಿಸಿಕೊಂಡಿದ್ದಾರೆ.

ಅಕ್ಬರನ ಉದಾಹರಣೆಯನ್ನೂ ಎಲ್ಲರೂ ಕೊಡುತ್ತಾರೆ. ನವಸಾರಿಯ ದಸ್ತೂರ್ ಮೆಹರ್‌ಜಿ ರಾಣಾ ಅವನ ಆಸ್ಥಾನಕ್ಕೆ ಹೋಗಿ ಧರ್ಮ ವಿವರಿಸಿದರು, ಅಕ್ಬರ್ ಅರಮನೆಯಲ್ಲಿ ಹಗಲೂ ರಾತ್ರಿ ಬೆಂಕಿ ಉರಿಸೋ ಉಸ್ತುವಾರಿಯನ್ನು ಅಬುಲ್ ಫಜಲನಿಗೆ ಕೊಟ್ಟ ಅಂತ ಬದಾಯೂನಿ ಸಿಟ್ಟಿನಿಂದ ಬರೆದಿದ್ದಾನೆ. ದಸ್ತೂರರಿಗೆ 200 ಬಿಘಾ ಇನಾಮು ಭೂಮಿಯೂ ಸಿಕ್ಕಿತು. ಆದರೆ ಚಕ್ರವರ್ತಿ ಎಲ್ಲ ಧರ್ಮದ ರುಚಿ ನೋಡೋದು ಒಂದು, ಐಟಿ ಕಂಪನಿಯ ಟೀಮ್ ಲೀಡ್ ನೋಡೋದು ಇನ್ನೊಂದು. ಅದನ್ನು ನನ್ನ ಲೆಕ್ಕಕ್ಕೆ ಹಿಡಿಯಲಿಲ್ಲ.

ನನಗೆ ಹತ್ತಿರದ ಉದಾಹರಣೆ ಬಸವನಗುಡಿಯಲ್ಲೇ ಸಿಕ್ಕಿತು. ಬಿ.ಪಿ. ವಾಡಿಯಾ ರಸ್ತೆ ಗೊತ್ತಲ್ಲ? ಅಲ್ಲಿರೋ ವರ್ಲ್ಡ್ ಕಲ್ಚರ್ ಸಂಸ್ಥೆಯ ಲೈಬ್ರರಿಗೆ ನಾನು ಪಿಜಿಯಲ್ಲಿದ್ದಾಗಿನಿಂದ ಹೋಗ್ತೀನಿ. ಆದರೆ ಬಹಮನ್ ಪೆಸ್ತನ್‌ಜಿ ವಾಡಿಯಾ ಯಾರು ಅಂತ ಕೇಳಿಕೊಂಡಿರಲಿಲ್ಲ. ಪಾರ್ಸಿ. ಥಿಯಾಸಫಿಸ್ಟ್. 1917ರಲ್ಲಿ ಆನಿ ಬೆಸೆಂಟ್ ಜೊತೆ ಗೃಹಬಂಧನದಲ್ಲಿದ್ದವರು, 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದವರು, 1945ರಲ್ಲಿ ಈ ಸಂಸ್ಥೆ ಶುರುಮಾಡಿದವರು. ಉಪನಿಷತ್ತು, ಬುದ್ಧ, ಬ್ಲಾವಟ್ಸ್ಕಿ ಎಲ್ಲ ಅವರ ಓದಿನಲ್ಲಿತ್ತು. ಹೆಂಡತಿ ಸೋಫಿಯಾ ಕೊಲಂಬಿಯಾ ದೇಶದಲ್ಲಿ ಹುಟ್ಟಿದವರು. ಇಷ್ಟೆಲ್ಲ ಇಟ್ಟುಕೊಂಡೂ ವಾಡಿಯಾ ಪಾರ್ಸಿಯೇ.

ನನ್ನ ಮೊದಲ ಮ್ಯಾನೇಜರ್ ಒಬ್ಬರು ಪಾರ್ಸಿ ಆಂಟಿ, ಈಗ ರಿಟೈರ್ಡ್. ಅವರ ಮನೆಗೆ ಹೋಗಿ ಎಲ್ಲ ಹೇಳಿಕೊಂಡೆ. ಜರತುಷ್ಟ್ರನ ಪಟದ ಎಡಕ್ಕೆ ಶಿರಡಿ ಸಾಯಿಬಾಬಾ, ಬಲಕ್ಕೆ ಮೆಹರ್ ಬಾಬಾ. "ಆಂಟಿ, ನಿಮಗೆ ಇದೆಲ್ಲ ಇಟ್ಕೊಳ್ಳೋಕೆ ಯಾರೂ ಏನೂ ಅನ್ನಲ್ವಾ?" ಅಂದೆ. "ಯಾರು ಅಂತಾರೆ? ನಾನು ಹುಟ್ಟಿದ್ದೇ ಇಲ್ಲಿ" ಅಂದರು. ಹುಟ್ಟಿದವರು ಸಾಯಿಬಾಬಾನನ್ನೂ ಇಟ್ಟುಕೊಳ್ಳಬಹುದು. ಹೊರಗಿನಿಂದ ಬರುವವನು ಶರ್ವನನ್ನು ಬಿಟ್ಟು ಬರಬೇಕು, ಬಿಟ್ಟು ಬಂದರೂ ಸೂನಿಗೆ ಆದದ್ದೇ. ಈ ಲೆಕ್ಕ ಅವರಿಗೂ ಸರಿಯೆನ್ನಿಸಲಿಲ್ಲ. "ನಾವು ಐವತ್ತು ಸಾವಿರ ಜನ ಇದ್ದೀವಿ ಮಗಾ. ಬಾಗಿಲು ತೆಗೆದ್ರೆ ಒಂದು ಹೆದರಿಕೆ, ಮುಚ್ಚಿದ್ರೆ ಒಂದು ಹೆದರಿಕೆ" ಅಂದರು. ನನಗಾಗಿ ಮಟನ್ ಹಾಕದೆ ಧನ್‌ಸಾಕ್ ಮಾಡಿದ್ದರು. ಸಾವಿನ ಮನೆಯಲ್ಲಿ ನಾಲ್ಕನೇ ದಿನ ಸೂತಕ ಮುರಿಯೋಕೆ ಮಾಡೋ ಅಡುಗೆ ಅದು, ಶುಭಕಾರ್ಯಕ್ಕೆ ಮಾಡಲ್ಲ ಅಂತ ಊಟ ಆದಮೇಲೆ ಹೇಳಿದರು.

ಹೊರಡುವಾಗ ಒಂದು ಹಳೇ ಕುಸ್ತಿ ತೋರಿಸಿದರು. ಮುಟ್ಟಲು ಕೊಡಲಿಲ್ಲ, ನಾನೂ ಕೇಳಲಿಲ್ಲ. ಕುರಿಮರಿ ಉಣ್ಣೆಯ ಎಪ್ಪತ್ತೆರಡು ಎಳೆ, ಯಸ್ನದ ಎಪ್ಪತ್ತೆರಡು ಅಧ್ಯಾಯದ ಲೆಕ್ಕಕ್ಕೆ. ಸೊಂಟಕ್ಕೆ ಮೂರು ಸುತ್ತು. ನೂಲಿನ ಆ ಹದ ನನಗೆ ಗೊತ್ತಿದ್ದದ್ದೇ. ನಮ್ಮೂರಿನ ಕುರುಬರ ಓಣಿಯಲ್ಲಿ ಕಂಬಳಿಗೆ ಉಣ್ಣೆ ನೂಲೋದನ್ನು ನೋಡುತ್ತಾ ಬೆಳೆದವನು ನಾನು.

ಹೋದ ಬೇಸಿಗೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸ್ತಿದ್ದಳು. ದೇವ ಅಂದರೆ ಅವರಲ್ಲಿ ದೆವ್ವ ಅಂದಾಗ "ಹಂಗಾರ ನಮ್ಮ ದೆವ್ವಕ್ಕ ಏನಂತಾರ?" ಅಂತ ಕೇಳಿ ತಾನೇ ನಕ್ಕಳು. ಬೆಂಕಿಗೆ ಗಂಧದ ಕಟ್ಟಿಗೆ ಹಾಕ್ತಾರೆ ಅಂದೆ. ವರ್ಷದ ಕೊನೆಯ ಹತ್ತು ದಿನ, ಮುಕ್ತಾದ್ ಅಂತ, ಸತ್ತವರಿಗಾಗಿ ಹೂವಿಟ್ಟು ಒಬ್ಬೊಬ್ಬರ ಹೆಸರೂ ಹೇಳಿ ಪ್ರಾರ್ಥನೆ ಮಾಡ್ತಾರೆ ಅಂದೆ. ಕೈ ನಿಂತಿತು.

"ನಿಮ್ಮಣ್ಣನ ಹೆಸರು ಹೇಳ್ತಾರೇನು?"

"ಇಲ್ಲವ್ವ. ಅವರ ಪೈಕಿಯವರದ್ದು ಅಷ್ಟೇ."

ಅವ್ವ ಮೊರ ಕೊಡವಿ ಮತ್ತೆ ಆರಿಸತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, "ಹಂಗಾರ ಹಿರೇರ ಹಬ್ಬಕ್ಕ ರಜಾ ಹಾಕಿ ಬಾರಪಾ" ಅಂದಳು.